ಸರ್ವರ್ ನಮ್ಮದೇ, ನೋಟಿಸೂ ನಮಗೇ

ಕನ್ನಡದಲ್ಲಿ ಬರೆಯೋರು ನಾಲ್ಕು ಜನ ಒಂದು ಕಡೆ ಸೇರಿದ್ರೆ ಒಂದು ಮಾತು ಬಂದೇ ಬರುತ್ತೆ: "ನಾವೇ ಒಂದು ಬ್ಲಾಗ್ ಜಾಲ ಶುರು ಮಾಡೋಣ." ಒಂದೇ ವಿಳಾಸ, ಅದರ ಕೆಳಗೆ ಒಬ್ಬೊಬ್ಬರಿಗೆ ಒಂದೊಂದು ಬ್ಲಾಗ್. ದೊಡ್ಡ ಕಂಪನಿಯ ಹಂಗಿಲ್ಲ, ಅಲ್ಗಾರಿದಮ್ ಕಾಟ ಇಲ್ಲ. ನಮ್ಮ ಸಂಘದಲ್ಲೂ ಈ ವರ್ಷ ಇದೇ ಚರ್ಚೆ ನಡೀತಿದೆ. ಎಂಜಿನಿಯರಿಂಗ್ ಓದ್ತಿರೋ ನಮಗೆ ಇದು ಒಂದು ವೀಕೆಂಡ್ ಕೆಲಸ ಅನ್ಸೋದು ಸಹಜ. ವರ್ಡ್‌ಪ್ರೆಸ್‌ನಲ್ಲಿ 2010ರಿಂದಲೇ ಮಲ್ಟಿಸೈಟ್ ಸೌಲಭ್ಯ ಇದೆ, ಒಂದು ಇನ್‌ಸ್ಟಾಲೇಷನ್ ಮೇಲೆ ನೂರು ಬ್ಲಾಗ್ ನಡೆಸಬಹುದು. ಸಣ್ಣ ಸರ್ವರ್‌ಗೆ ತಿಂಗಳಿಗೆ ಕೆಲವು ನೂರು ರೂಪಾಯಿ, ಡೊಮೇನ್‌ಗೆ ವರ್ಷಕ್ಕೆ ಸಾವಿರದ ಆಸುಪಾಸು. ಹಾಸ್ಟೆಲ್‌ನ ಒಂದು ರೂಮಿನವರು ತಿಂಗಳಲ್ಲಿ ಎರಡು ಸಲ ಬಿರಿಯಾನಿ ಬಿಟ್ಟರೆ ದುಡ್ಡು ಹುಟ್ಟುತ್ತೆ.

ಜಾಲ ಮಾಡಲೇಬೇಕು ಅನ್ನೋದು ನಮ್ಮ ಅಭಿಪ್ರಾಯ. ಆದರೆ ನಾವು ಕಷ್ಟ ಅಂದುಕೊಂಡಿರೋ ಭಾಗ ಸುಲಭ, ಸುಲಭ ಅಂದುಕೊಂಡಿರೋ ಭಾಗವೇ ಕಷ್ಟ. ಸ್ವತಂತ್ರ ಬ್ಲಾಗ್ ಜಾಲಗಳು ಸಾಯೋಕೆ ಕೋರ್ಟಿನ ಕೊನೆಯ ತೀರ್ಪು ಬರಬೇಕಾಗಿಲ್ಲ. ವಕೀಲರ ಫೀಸು, ಕೊನೆಗಳಿಗೆಯ ಗಡುವು, ಎಲ್ಲ ಕೆಲಸ ಹೊತ್ತ ಒಬ್ಬರ ಸುಸ್ತು, ಇಷ್ಟು ಸಾಕು. ಇದಕ್ಕೆ ನಾವೂ ತಯಾರಿ ಮಾಡ್ಕೊಳ್ತಿಲ್ಲ, ನಮ್ಮ ಕಾನೂನೂ ಇದನ್ನ ಗಮನಿಸ್ತಿಲ್ಲ.

ಮೊದಲು ಒಂದು ಪ್ರಶ್ನೆ. ಪುಕ್ಕಟೆ ಜಾಗ ಇಷ್ಟೊಂದು ಇರುವಾಗ ನಮ್ಮದೇ ಅಂತ ಯಾಕೆ ಬೇಕು? ಯಾಕಂದ್ರೆ ಪುಕ್ಕಟೆ ಜಾಗ ಬಾಡಿಗೆ ಮನೆಗಿಂತಲೂ ಕಡೆ. ಬಾಡಿಗೆ ಮನೆಯಲ್ಲಿ ಅಗ್ರಿಮೆಂಟ್ ಆದ್ರೂ ಇರುತ್ತೆ. ಜಿಯೋಸಿಟೀಸ್ ಅನ್ನು ಯಾಹೂ 2009ರಲ್ಲಿ ಮುಚ್ಚಿತು. ಪೋಸ್ಟರಸ್ ಅನ್ನೋ ಬ್ಲಾಗ್ ಸೇವೆಯನ್ನ ಟ್ವಿಟರ್ 2012ರಲ್ಲಿ ಕೊಂಡು 2013ರಲ್ಲಿ ನಿಲ್ಲಿಸಿತು. ಯಾಹೂ ಗ್ರೂಪ್ಸ್ 2020ರ ಡಿಸೆಂಬರ್‌ನಲ್ಲಿ ಮುಚ್ಚಿತು. ನಮ್ಮ ದೇಶದ್ದೇ ಉದಾಹರಣೆ ಬೇಕಂದ್ರೆ 2006ರ ಜುಲೈ ನೋಡಿ. ಮುಂಬೈ ರೈಲು ಸ್ಫೋಟ ಆದ ದಿನಗಳಲ್ಲಿ ಸರ್ಕಾರ ಕೆಲವೇ ಕೆಲವು ವಿಳಾಸಗಳನ್ನ ತಡೆಯೋಕೆ ಹೇಳಿತು. ಇಂಟರ್‌ನೆಟ್ ಕಂಪನಿಗಳು ಇಡೀ ಬ್ಲಾಗ್‌ಸ್ಪಾಟ್ ಅನ್ನೇ ತಡೆದುಬಿಟ್ಟವು. ಅಡುಗೆ ಬಗ್ಗೆ ಬರೆದೋರು, ಕವಿತೆ ಬರೆದೋರು, ಎಲ್ಲರ ಬ್ಲಾಗೂ ಕೆಲವು ದಿನ ಕಾಣಲಿಲ್ಲ. ಒಂದು ಮನೆಯ ಮೇಲಿನ ಸಿಟ್ಟಿಗೆ ಇಡೀ ಬೀದಿಗೆ ಬೀಗ ಹಾಕಿದ ಹಾಗೆ.

ಹಾಗಾದ್ರೆ ನಮ್ಮದೇ ಮನೆ ಕಟ್ಟಿದ್ರೆ ಆಯ್ತಲ್ಲ? ಕಟ್ಟಿದೋರಿಗೆ ಏನಾಯ್ತು ಅಂತ ನೋಡೋಣ.

ಗಿಜ್ಮೋಡೋ, ಲೈಫ್‌ಹ್ಯಾಕರ್, ಕೊಟಾಕು ಹೆಸರು ನಮ್ಮಲ್ಲಿ ಗ್ಯಾಜೆಟ್, ಗೇಮಿಂಗ್ ಹುಚ್ಚು ಇರೋರಿಗೆ ಗೊತ್ತು. ಇವೆಲ್ಲ ಗಾಕರ್ ಮೀಡಿಯಾ ಅನ್ನೋ ಒಂದೇ ಬ್ಲಾಗ್ ಜಾಲದ ಭಾಗ ಆಗಿದ್ದವು. ನಿಕ್ ಡೆಂಟನ್ ಅನ್ನೋರು 2000ರ ದಶಕದ ಶುರುವಿನಲ್ಲಿ ನ್ಯೂಯಾರ್ಕ್‌ನಲ್ಲಿ ಕಟ್ಟಿದ ಜಾಲ ಅದು. ಅದಕ್ಕೆ ಬಂದ ಪೆಟ್ಟುಗಳನ್ನ ಸಾಲಾಗಿ ಇಟ್ಟರೆ ಇಡೀ ವಿಷಯದ ಸಿಲಬಸ್ ಸಿಗುತ್ತೆ. 2010ರ ಡಿಸೆಂಬರ್‌ನಲ್ಲಿ ಹ್ಯಾಕರ್‌ಗಳು ನುಗ್ಗಿ ಲಕ್ಷಾಂತರ ಓದುಗರ ಇಮೇಲ್, ಪಾಸ್‌ವರ್ಡ್ ಮಾಹಿತಿ ಬಯಲಿಗೆ ಹಾಕಿದರು. 2012ರ ಅಕ್ಟೋಬರ್‌ನಲ್ಲಿ ಸ್ಯಾಂಡಿ ಚಂಡಮಾರುತ ಬಂದಾಗ ಅವರ ಸರ್ವರ್ ಇದ್ದ ಡೇಟಾ ಸೆಂಟರ್ ಕಟ್ಟಡಕ್ಕೆ ನೀರು ನುಗ್ಗಿ ಜಾಲದ ಎಲ್ಲ ಬ್ಲಾಗುಗಳೂ ಒಟ್ಟಿಗೇ ಕಣ್ಮರೆ ಆದವು. ಇವೆರಡನ್ನೂ ಜಾಲ ದಾಟಿಕೊಂಡಿತು. ದಾಟೋಕೆ ಆಗದೇ ಇದ್ದದ್ದು ಮೂರನೇದು.

2012ರಲ್ಲೇ ಗಾಕರ್, ಕುಸ್ತಿಪಟು ಹಲ್ಕ್ ಹೋಗನ್ ಅವರ ತೀರಾ ಖಾಸಗಿ ವಿಡಿಯೋದ ತುಣುಕು ಹಾಕಿತ್ತು. ಅವರು ಕೇಸ್ ಹಾಕಿದರು. 2016ರ ಮಾರ್ಚ್‌ನಲ್ಲಿ ಫ್ಲಾರಿಡಾದ ಜ್ಯೂರಿ ಒಟ್ಟು 14 ಕೋಟಿ ಡಾಲರ್ ಪರಿಹಾರ ಅಂತ ಹೇಳಿತು. ಜೂನ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಆಗಸ್ಟ್‌ನಲ್ಲಿ ಜಾಲವನ್ನ ಯೂನಿವಿಷನ್ 13.5 ಕೋಟಿ ಡಾಲರ್‌ಗೆ ಕೊಂಡಿತು, ಗಾಕರ್ ಹೆಸರಿನ ಬ್ಲಾಗ್ ಮುಚ್ಚಿತು. ಈ ಮಧ್ಯೆ ಒಂದು ವಿಷಯ ಹೊರಬಂತು. ಹೋಗನ್ ಅವರ ಕೇಸಿಗೆ ದುಡ್ಡು ಕೊಟ್ಟಿದ್ದು ಪೇಪಾಲ್ ಸಹ ಸ್ಥಾಪಕ ಪೀಟರ್ ಥೀಲ್. ಗಾಕರ್ ಜಾಲದ ಒಂದು ಬ್ಲಾಗ್ 2007ರಲ್ಲಿ ಅವರ ಖಾಸಗಿ ಬದುಕಿನ ಬಗ್ಗೆ ಬರೆದಿತ್ತು. ಖರ್ಚು ಮಾಡಿದ್ದು ಸುಮಾರು 1 ಕೋಟಿ ಡಾಲರ್. ಅದೇ ವರ್ಷ ನವೆಂಬರ್‌ನಲ್ಲಿ ಕೇಸು 3.1 ಕೋಟಿ ಡಾಲರ್‌ಗೆ ರಾಜಿ ಆಯ್ತು. ಅಂದ್ರೆ ಜ್ಯೂರಿ ಹೇಳಿದ ಮೊತ್ತದ ಕಾಲು ಭಾಗಕ್ಕಿಂತ ಕಡಿಮೆ. ಮೇಲಿನ ಕೋರ್ಟ್ ಆ ತೀರ್ಪು ಸರಿಯೋ ತಪ್ಪೋ ಅಂತ ಹೇಳೋ ಹೊತ್ತಿಗೆ ಮೊದಲೇ ಎಲ್ಲ ಮುಗಿದಿತ್ತು.

ಆ ವಿಡಿಯೋ ಹಾಕಿದ್ದನ್ನ ನಾವು ಸಮರ್ಥಿಸಲ್ಲ. ಒಬ್ಬರ ಮಲಗೋ ಕೋಣೆ ಸುದ್ದಿ ಅಲ್ಲ. ನಾವು ಗಮನಿಸಬೇಕಾದ್ದು ಬೇರೆ. ನೂರಾರು ಉದ್ಯೋಗಿಗಳು, ಒಳ್ಳೇ ಆದಾಯ ಇದ್ದ ಜಾಲಕ್ಕೇ ಮೇಲ್ಮನವಿ ಮುಗಿಯೋ ತನಕ ಉಸಿರು ಹಿಡಿಯೋಕೆ ಆಗಲಿಲ್ಲ. ಎದುರಾಳಿಯ ಜೇಬು ಆಳ ಇದ್ದರೆ ಗೆಲ್ಲೋದು ಮುಖ್ಯ ಅಲ್ಲ, ಎಳೆಯೋದು ಮುಖ್ಯ. ತಪ್ಪು ಮಾಡಿದ ಬ್ಲಾಗಿನ ಮೇಲೆ ನಡೆದ ಈ ವಿಧಾನವೇ ಸರಿಯಾಗಿ ಬರೆದ ಬ್ಲಾಗಿನ ಮೇಲೂ ನಡೆಯುತ್ತೆ.

ಈಗ ನಮ್ಮ ಕಡೆ ಬರೋಣ. ಬೇರೆಯವರು ಬರೆದದ್ದನ್ನ ತನ್ನ ಸರ್ವರ್‌ನಲ್ಲಿ ಇಟ್ಟುಕೊಂಡವರನ್ನ ನಮ್ಮ ಮಾಹಿತಿ ತಂತ್ರಜ್ಞಾನ ಕಾಯ್ದೆ "ಮಧ್ಯವರ್ತಿ" ಅಂತ ಕರೆಯುತ್ತೆ. ಅದರ 79ನೇ ಸೆಕ್ಷನ್ ಮಧ್ಯವರ್ತಿಗೆ ಒಂದು ಗುರಾಣಿ ಕೊಟ್ಟಿದೆ: ಬರೆದದ್ದು ನೀನಲ್ಲ, ಹಾಗಾಗಿ ಹೊಣೆ ನಿನ್ನದಲ್ಲ, ಕೆಲವು ಷರತ್ತು ಪಾಲಿಸಿದರೆ. 2015ರ ಮಾರ್ಚ್ 24ರಂದು ಶ್ರೇಯಾ ಸಿಂಘಾಲ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ 66ಎ ಸೆಕ್ಷನ್ ರದ್ದು ಮಾಡಿದ್ದು ಎಲ್ಲರಿಗೂ ನೆನಪಿದೆ. ಅದೇ ತೀರ್ಪಿನಲ್ಲಿ 79ರ ಬಗ್ಗೆಯೂ ಒಂದು ಒಳ್ಳೇ ಮಾತಿದೆ. ಯಾರೋ ಒಬ್ಬರು ಮೇಲ್ ಕಳಿಸಿದ ತಕ್ಷಣ ಮಧ್ಯವರ್ತಿ ಜಡ್ಜ್ ಆಗಬೇಕಿಲ್ಲ, ಕೋರ್ಟ್ ಆದೇಶ ಅಥವಾ ಸರ್ಕಾರದ ಸೂಚನೆ ಬಂದಾಗ ತೆಗೆದರೆ ಸಾಕು.

ಕೇಳೋಕೆ ಚೆನ್ನಾಗಿದೆ. ಆದರೆ ಷರತ್ತು ಓದಿದ್ರೆ ನಮ್ಮಂಥೋರಿಗೆ ಒಂದು ಬಲೆ ಕಾಣುತ್ತೆ. ಮಧ್ಯವರ್ತಿಯು ಮಾಹಿತಿಯನ್ನ ಆಯ್ಕೆ ಮಾಡಿ ತಿದ್ದಬಾರದು ಅನ್ನೋ ಅರ್ಥದ ಮಾತು ಅಲ್ಲಿದೆ. ಕನ್ನಡ ಸಂಘ ಅಂದ್ಮೇಲೆ ನಾವು ಮಾಡೋದೇ ಅದು! ಅಲ್ಪಪ್ರಾಣ ಮಹಾಪ್ರಾಣ ಸರಿ ಮಾಡ್ತೀವಿ, ಉದ್ದ ಆಯ್ತು ಅಂತ ಕತ್ತರಿಸ್ತೀವಿ, ಚೆನ್ನಾಗಿರೋದನ್ನ ಮುಖಪುಟಕ್ಕೆ ಹಾಕ್ತೀವಿ. ಎಷ್ಟು ಶ್ರದ್ಧೆಯಿಂದ ಸಂಪಾದನೆ ಮಾಡ್ತೀವೋ ಅಷ್ಟೂ "ನೀವು ಮಧ್ಯವರ್ತಿ ಅಲ್ಲ, ಪ್ರಕಾಶಕರು" ಅಂತ ಎದುರಿನ ವಕೀಲರು ವಾದ ಮಾಡೋಕೆ ದಾರಿ ಆಗುತ್ತೆ. ಏನೂ ಓದದೆ ಏನು ಬಂದ್ರೂ ಹಾಕಿದರೆ ಗುರಾಣಿ ಗಟ್ಟಿ, ಓದಿ ಹಾಕಿದರೆ ಗುರಾಣಿಯಲ್ಲಿ ಬಿರುಕು. ಅಮೆರಿಕದಲ್ಲೂ 1996ರಿಂದ 230ನೇ ಸೆಕ್ಷನ್ ಅನ್ನೋ ಗುರಾಣಿ ಇದೆ, ಇನ್ನೂ ಗಟ್ಟಿಯಾದದ್ದು. ಆದರೆ ಗಾಕರ್‌ಗೆ ಅದು ಸಹಾಯಕ್ಕೆ ಬರಲಿಲ್ಲ, ಯಾಕಂದ್ರೆ ಬರೆದೋರು ಅದರ ಸ್ವಂತ ಉದ್ಯೋಗಿಗಳೇ.

ಎರಡನೇದು ಗಡಿಯಾರ. 2021ರಲ್ಲಿ ಹೊರಬಂದಾಗ ಐಟಿ ನಿಯಮಗಳು ಹೇಳಿದ್ದು ಇಷ್ಟು: ಒಬ್ಬ ಕುಂದುಕೊರತೆ ಅಧಿಕಾರಿ ಇರಬೇಕು, ಹೆಸರು ಪ್ರಕಟ ಆಗಿರಬೇಕು, ದೂರು ಬಂದ 24 ಗಂಟೆಯಲ್ಲಿ ಸ್ವೀಕೃತಿ, 15 ದಿನದಲ್ಲಿ ಇತ್ಯರ್ಥ, ಕೋರ್ಟ್ ಅಥವಾ ಸರ್ಕಾರದ ಆದೇಶ ಬಂದರೆ 36 ಗಂಟೆಯಲ್ಲಿ ತೆಗೆಯೋದು. ಕಾಪಿರೈಟ್ ದೂರಿಗೆ 2013ರ ಕಾಪಿರೈಟ್ ನಿಯಮಗಳಲ್ಲೂ 36 ಗಂಟೆಯೇ. ತೆಗೆದು 21 ದಿನ ಕಾಯಬೇಕು, ದೂರು ಕೊಟ್ಟೋರು ಅಷ್ಟರೊಳಗೆ ಕೋರ್ಟ್ ಆದೇಶ ತರದಿದ್ದರೆ ವಾಪಸ್ ಹಾಕಬಹುದು.

36 ಗಂಟೆ ಅಂದ್ರೆ ನಮ್ಮ ಲೆಕ್ಕದಲ್ಲಿ ಏನು? ಮೊದಲ ಇಂಟರ್ನಲ್ಸ್ ಶುರುವಾಗೋ ಹಿಂದಿನ ಸಂಜೆಯಿಂದ ಎರಡನೇ ಪೇಪರ್ ಹೊತ್ತಿನ ತನಕ. ಅಷ್ಟರೊಳಗೆ ಮೇಲ್ ನೋಡಿ, ಅದು ನಿಜವಾದ ಆದೇಶವೋ ಯಾರೋ ಹೆದರಿಸೋಕೆ ಕಳಿಸಿದ ಪಿಡಿಎಫ್ಫೋ ಅಂತ ಪತ್ತೆ ಮಾಡಿ, ಬರೆದ ಗೆಳತಿಗೆ ಫೋನ್ ಮಾಡಿ, ತೀರ್ಮಾನ ತಗೋಬೇಕು. ಇದೇ ನಿಯಮಗಳಲ್ಲಿ 50 ಲಕ್ಷ ಬಳಕೆದಾರರ ಮೇಲೆ ಇರೋ ಕಂಪನಿಗಳಿಗೆ ಹೆಚ್ಚಿನ ಹೊರೆ ಇದೆ, ಅದು ಸರಿ. ಆದರೆ ಆ ಗೆರೆಯ ಕೆಳಗೆ ಎಲ್ಲರೂ ಒಂದೇ. 49 ಲಕ್ಷ ಬಳಕೆದಾರರ ಕಂಪನಿಗೂ 49 ಓದುಗರ ನಮ್ಮ ಜಾಲಕ್ಕೂ ಅದೇ ಗಡಿಯಾರ. ಅವರಿಗೆ ಲೀಗಲ್ ಟೀಮ್ ಇದೆ. ನಮಗೆ ಮೂರನೇ ಸೆಮ್ ಇದೆ.

ಮೂರನೇದು ದುಡ್ಡಿನ ಸಿಕ್ಕು. ಸುದ್ದಿ ಮತ್ತು ಪ್ರಚಲಿತ ವಿದ್ಯಮಾನ ಪ್ರಕಟಿಸೋರಿಗೆ ಅಂತ ಅದೇ ನಿಯಮಗಳಲ್ಲಿ ಬೇರೆ ಭಾಗ ಇದೆ. ಅದರ ನೀತಿಸಂಹಿತೆಗೆ ಸಂಬಂಧಿಸಿದ ಕೆಲವು ಉಪನಿಯಮಗಳಿಗೆ ಬಾಂಬೆ ಹೈಕೋರ್ಟ್ 2021ರ ಆಗಸ್ಟ್‌ನಲ್ಲಿ ತಡೆ ಕೊಟ್ಟಿತು. ವ್ಯವಸ್ಥಿತ ವ್ಯಾಪಾರ, ವೃತ್ತಿ ಅಥವಾ ವಾಣಿಜ್ಯ ಚಟುವಟಿಕೆಯಾಗಿ ನಡೆಸದ ವ್ಯಕ್ತಿಗಳನ್ನ ಆ ಭಾಗ ಹೊರಗಿಟ್ಟಿದೆ. ಸಂತೋಷ. ಆದರೆ ಸರ್ವರ್ ಬಿಲ್ ಕಟ್ಟೋಕೆ ಎರಡು ಜಾಹೀರಾತು ಹಾಕಿದರೆ ಅದು ವ್ಯಾಪಾರ ಆಯ್ತಾ? ದೇಣಿಗೆ ಪೆಟ್ಟಿಗೆ ಇಟ್ಟರೆ? ಹವ್ಯಾಸವಾಗಿ ಉಳಿದರೆ ದುಡ್ಡಿಲ್ಲ, ದುಡ್ಡು ಬಂದರೆ ಹವ್ಯಾಸ ಅಲ್ಲ.

ಇದೆಲ್ಲದರ ಮೇಲೆ ಮಾನನಷ್ಟ ಇದೆ. ಅದು ನಮ್ಮ ದೇಶದಲ್ಲಿ ಇನ್ನೂ ಅಪರಾಧ. 2016ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿಹಿಡಿಯಿತು. ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್, ಎರಡು ವರ್ಷದ ತನಕ ಜೈಲು ಸಾಧ್ಯ. ಆನ್‌ಲೈನ್ ಬರಹ ಎಲ್ಲ ಊರಲ್ಲೂ ಓದೋಕೆ ಸಿಗೋದ್ರಿಂದ ದೂರು ಕೂಡ ದೂರದ ಊರಿಂದ ಬರಬಹುದು. ಚಾಮರಾಜನಗರದಲ್ಲಿ ಓದೋ ಹುಡುಗಿಗೆ ಬೀದರ್‌ನಿಂದ ಸಮನ್ಸ್ ಬಂದ್ರೆ, ಕೊನೆಗೆ ಅವಳೇ ಗೆದ್ದರೂ, ಬಸ್ ಚಾರ್ಜು ಮತ್ತು ಹಾಜರಾತಿ ಕೊರತೆ ಯಾರು ತುಂಬ್ತಾರೆ?

ಸಿವಿಲ್ ಕೋರ್ಟ್ ಆದೇಶಗಳು ಎಷ್ಟು ಅಗಲ ಹರಡಬಹುದು ಅಂತ ಕರ್ನಾಟಕ 2025ರಲ್ಲಿ ನೋಡಿದೆ. ಧರ್ಮಸ್ಥಳ ಪ್ರಕರಣದ ಸಮಯದಲ್ಲಿ ಬೆಂಗಳೂರಿನ ಒಂದು ಸಿವಿಲ್ ಕೋರ್ಟ್ 8000ಕ್ಕೂ ಹೆಚ್ಚು ಲಿಂಕ್‌ಗಳ ಮೇಲೆ ಮಧ್ಯಂತರ ಆದೇಶ ಕೊಟ್ಟಿತು. ಪ್ರಕರಣದ ಸತ್ಯಾಸತ್ಯ ನಮ್ಮ ವಿಷಯ ಅಲ್ಲ. ಒಂದು ಯೂಟ್ಯೂಬ್ ಚಾನೆಲ್ ಹೈಕೋರ್ಟ್ ಮೆಟ್ಟಿಲು ಹತ್ತಿತು, ಆಗಸ್ಟ್‌ನಲ್ಲಿ ಹೈಕೋರ್ಟ್ ಅದರ ಮಟ್ಟಿಗೆ ಆದೇಶ ರದ್ದು ಮಾಡಿತು. ಮೆಟ್ಟಿಲು ಹತ್ತೋಕೆ ಆಗದೋರ ಗತಿ? ಒಳ್ಳೇ ಸುದ್ದಿನೂ ಇದೆ. ಬ್ಲೂಮ್‌ಬರ್ಗ್ ಕೇಸಿನಲ್ಲಿ 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್, ಪೂರ್ತಿ ವಿಚಾರಣೆಗೆ ಮೊದಲೇ ಬರಹವನ್ನ ತಡೆಯೋ ಆದೇಶ ಸುಲಭವಾಗಿ ಕೊಡಬಾರದು ಅಂತ ಕೆಳಗಿನ ಕೋರ್ಟುಗಳಿಗೆ ಹೇಳಿದೆ. ಆದರೆ ಆ ಮಾತು ಬಳಸಿಕೊಳ್ಳೋಕೂ ಒಬ್ಬ ವಕೀಲರು ಬೇಕು. ಎಕ್ಸ್‌ನಂಥ ದೈತ್ಯ ಕಂಪನಿಯೇ ಸರ್ಕಾರದ ತಡೆ ಆದೇಶಗಳ ವಿರುದ್ಧ ಕರ್ನಾಟಕ ಹೈಕೋರ್ಟ್‌ಗೆ ಹೋಗಿ 2023ರಲ್ಲಿ ಸೋತಿತು, ಮೇಲೆ 50 ಲಕ್ಷ ರೂಪಾಯಿ ಕಟ್ಟೋಕೆ ಆದೇಶ ಆಯ್ತು. ಅವರಿಗೆ ಅದು ಚಿಲ್ಲರೆ. ನಮಗೆ ಅದರ ನೂರನೇ ಒಂದು ಭಾಗವೂ ಜಾಲದ ಅಂತ್ಯ.

ಇದಕ್ಕೆ ಕೆಲವರು ಹೇಳ್ತಾರೆ: "ಹಾಗಾದ್ರೆ ಸಣ್ಣೋರಿಗೆ ಕಾನೂನೇ ಬೇಡ್ವಾ?" ಬೇಕು. ಯಾರೋ ಒಬ್ಬ ನಮ್ಮ ಜಾಲದಲ್ಲೇ ಕ್ಲಾಸ್‌ಮೇಟ್‌ನ ಫೋಟೋ ತಿರುಚಿ ಹಾಕಿದರೆ ಅವಳಿಗೆ 36 ಗಂಟೆಯೂ ಜಾಸ್ತಿಯೇ. ಅಂಥದ್ದನ್ನ ನೋಡಿದ ಕೂಡಲೇ ತೆಗೀಬೇಕು, ಸೆಮ್ ಎಕ್ಸಾಮ್ ಇದ್ರೂ ಸರಿ. ಓದುಗರ ಇಮೇಲ್, ಪಾಸ್‌ವರ್ಡ್ ಇಟ್ಟುಕೊಂಡ ಮೇಲೆ ಕಾಪಾಡೋ ಹೊಣೆಯೂ ನಮ್ಮದೇ. ಆದರೆ ಖಾಸಗಿ ಫೋಟೋದ ದೂರನ್ನೂ, ಒಂದು ಬಿಲ್ಡರ್ ಬಗ್ಗೆ ಬರೆದ ಟೀಕೆಯ ದೂರನ್ನೂ ಒಂದೇ ಗಡಿಯಾರದಲ್ಲಿ ಅಳೆಯೋದು ತಪ್ಪು. ಮೊದಲನೆಯದರಲ್ಲಿ ತಡ ಆದಷ್ಟೂ ಅನ್ಯಾಯ. ಎರಡನೆಯದರಲ್ಲಿ ಅವಸರವೇ ಅನ್ಯಾಯ. ಬರೆದವರ ಮಾತನ್ನೂ ಕೇಳಿ ಆಮೇಲೆ ತೀರ್ಮಾನ ಆಗಬೇಕು. ಸಣ್ಣ, ಲಾಭ ಮಾಡದ ಜಾಲಗಳಿಗೆ ಬೇರೆ ಗಡುವು ಬೇಕು. ಹೆದರಿಸೋಕೆ ಅಂತಲೇ ಹಾಕಿದ ಕೇಸು ಬಿದ್ದುಹೋದರೆ ಹಾಕಿದೋರೇ ಎದುರಿನವರ ಖರ್ಚು ಕೊಡಬೇಕು. ಶಾಸಕರಿಗೆ ನಮ್ಮ ಬೇಡಿಕೆ ಇಷ್ಟೇ.

ಕಾನೂನು ಬದಲಾಗೋ ತನಕ ಕೈಕಟ್ಟಿ ಕೂರಬೇಕಾ? ಬೇಡ. ಯಾಕಂದ್ರೆ ಇನ್ನರ್ಧ ಸಮಸ್ಯೆ ನಮ್ಮ ಕೈಯಲ್ಲೇ ಇದೆ. ಕ್ಲಾಸಿನಲ್ಲಿ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಅಂತ ಓದ್ತೀವಿ. ಕಾಲೇಜು ಜಾಲಗಳಲ್ಲಿ ಆ ಪಾಯಿಂಟ್‌ಗೆ ಒಂದು ಹೆಸರಿರುತ್ತೆ: ಫೈನಲ್ ಇಯರ್ ಸೀನಿಯರ್. ಡೊಮೇನ್ ಅವರ ಕಾರ್ಡ್‌ನಲ್ಲಿ, ಒಟಿಪಿ ಅವರ ಫೋನಿಗೆ, ಸರ್ವರ್ ಪಾಸ್‌ವರ್ಡ್ ಅವರ ತಲೆಯಲ್ಲಿ. ಅವರು ಕೆಲಸ ಸಿಕ್ಕಿ ಪುಣೆಗೆ ಹೋದಮೇಲೆ ರಿನ್ಯೂವಲ್ ಮೇಲ್ ಯಾರೂ ತೆರೆಯದ ಇನ್‌ಬಾಕ್ಸ್‌ಗೆ ಬರುತ್ತೆ. ಡಾಟ್ ಕಾಮ್ ವಿಳಾಸದ ಅವಧಿ ಮುಗಿದು ರಿಜಿಸ್ಟ್ರಾರ್ ಅದನ್ನ ಅಳಿಸಿದ ಮೇಲೂ ವಾಪಸ್ ಪಡೆಯೋಕೆ 30 ದಿನ ಇರುತ್ತೆ, ದುಬಾರಿ ಬೆಲೆಗೆ. ಅದೂ ಕಳೆದರೆ ಯಾರು ಬೇಕಾದ್ರೂ ಕೊಳ್ಳಬಹುದು. ನಮ್ಮ ಕವಿತೆಗಳಿದ್ದ ವಿಳಾಸದಲ್ಲಿ ನಾಳೆ ರಮ್ಮಿ ಜಾಹೀರಾತು ಬಂದರೆ ಯಾರನ್ನೂ ದೂರೋ ಹಾಗಿಲ್ಲ.

ಕನ್ನಡಕ್ಕೆ ಇನ್ನೊಂದು ಹಳೇ ಗಾಯ ಇದೆ. ಯೂನಿಕೋಡ್ ಹರಡೋಕೆ ಮೊದಲು ಎಷ್ಟೋ ಕನ್ನಡ ಪುಟಗಳು ನುಡಿ, ಬರಹ ಥರದ ತಂತ್ರಾಂಶಗಳ ಫಾಂಟ್ ಸಂಕೇತದಲ್ಲಿ ಇದ್ದವು. ಆ ಫಾಂಟ್ ಇಲ್ಲದೆ ಇವತ್ತು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತೆ. ಫೈಲ್ ಉಳಿದಿದೆ, ಬರಹ ಹೋಗಿದೆ. ಅದಕ್ಕೇ ಬ್ಯಾಕಪ್ ಅಂದ್ರೆ ಬರೀ ಡೇಟಾಬೇಸ್ ಕಾಪಿ ಅಲ್ಲ, ಹತ್ತು ವರ್ಷ ಆದಮೇಲೂ ಓದೋಕೆ ಬರೋ ಸಾದಾ ಯೂನಿಕೋಡ್ ಪಠ್ಯ.

ಹಾಗಾಗಿ ನಮ್ಮ ಸಂಘದ ಮುಂದೆ ನಾವು ಇಡೋ ಸಲಹೆ ಹೀಗಿದೆ. ಡೊಮೇನ್ ಒಬ್ಬರ ಹೆಸರಲ್ಲಿ ಬೇಡ, ಸಂಘದ ಹೆಸರಲ್ಲಿ ಇರಲಿ. ಒಂದೇ ಸಲ ಐದು ವರ್ಷಕ್ಕೆ ಕಟ್ಟೋಣ. ಕೀಲಿ ಮೂರು ಜನರ ಹತ್ತಿರ ಇರಲಿ, ಅದರಲ್ಲಿ ಒಬ್ಬರು ಅಧ್ಯಾಪಕರು, ಒಬ್ಬರು ಎರಡನೇ ವರ್ಷದವರು. ತಿಂಗಳಿಗೊಮ್ಮೆ ಪ್ರತಿಯೊಬ್ಬ ಲೇಖಕರಿಗೂ ಅವರ ಬರಹದ ಪೂರ್ತಿ ಪ್ರತಿ ಮೇಲ್ ಆಗಲಿ. ನಾಳೆ ಜಾಲ ಮುಳುಗಿದರೂ ಬರಹ ಮುಳುಗಬಾರದು. ಓದುಗರಿಂದ ಬೇಡದ ಮಾಹಿತಿ ಕೇಳೋದೇ ಬೇಡ, ನಮ್ಮ ಹತ್ತಿರ ಇಲ್ಲದ್ದನ್ನ ಯಾರೂ ಕದಿಯಲ್ಲ. ದೂರಿಗೆ ಒಂದು ವಿಳಾಸ, ಅದನ್ನ ನೋಡೋಕೆ ವಾರದ ಪಾಳಿ, ಬಂದ ದೂರು ಮತ್ತು ತಗೊಂಡ ತೀರ್ಮಾನಕ್ಕೆ ಒಂದು ರಿಜಿಸ್ಟರ್. ಲ್ಯಾಬ್ ರೆಕಾರ್ಡ್ ಬರೆಯೋ ನಮಗೆ ಇದು ಹೊಸದಲ್ಲ. ಬೇರೆಯವರ ಫೋಟೋ ಅನುಮತಿ ಇಲ್ಲದೆ ಬೇಡ. ಒಬ್ಬರ ಮೇಲೆ ಆರೋಪ ಮಾಡೋ ಬರಹಕ್ಕೆ ದಾಖಲೆ ಕೈಯಲ್ಲಿ ಇರಲಿ, ಅವರ ಉತ್ತರವನ್ನೂ ಕೇಳಿ ಹಾಕೋಣ.

ವಕೀಲರ ವಿಷಯದಲ್ಲಿ ಒಂದೇ ಕಾಲೇಜಿಗೆ ಶಕ್ತಿ ಸಾಲಲ್ಲ. ಹತ್ತು ಕಾಲೇಜಿನ ಕನ್ನಡ ಸಂಘಗಳು ವರ್ಷಕ್ಕೆ ಎರಡೆರಡು ಸಾವಿರ ಹಾಕಿದ್ರೆ 20,000 ಆಗುತ್ತೆ. ಮೊದಲ ನೋಟಿಸ್ ಓದಿ, "ಇದಕ್ಕೆ ಹೆದರಬೇಡಿ" ಅಥವಾ "ಇದನ್ನ ಈಗಲೇ ತೆಗೀರಿ" ಅಂತ ಹೇಳೋ ಒಬ್ಬ ವಕೀಲರ ಸಲಹೆಗೆ ಅಷ್ಟು ಸಾಲಬಹುದು. ನಮ್ಮ ಪಕ್ಕದ ಲಾ ಕಾಲೇಜಿನ ಗೆಳೆಯರನ್ನೂ ಸೇರಿಸಿಕೊಳ್ಳಬಹುದು. ಡಿಜಿಟಲ್ ಹಕ್ಕುಗಳ ಬಗ್ಗೆ ಕೆಲಸ ಮಾಡೋ ಇಂಟರ್‌ನೆಟ್ ಫ್ರೀಡಮ್ ಫೌಂಡೇಶನ್, ಎಸ್‌ಎಫ್‌ಎಲ್‌ಸಿ ಥರದ ಸಂಸ್ಥೆಗಳು ದೆಹಲಿಯಲ್ಲಿವೆ, ಅಂಥೋರಿಗೂ ಬರೆಯೋಣ. ಮೊದಲ ನೋಟಿಸ್ ಬಂದಾಗ ಆಗೋ ಭಯದಲ್ಲೇ ಹೆಚ್ಚಿನ ಬರಹಗಳು ಅಳಿಸಿಹೋಗೋದು. ಆ ಒಂದು ರಾತ್ರಿ ಫೋನ್ ಮಾಡೋಕೆ ಒಂದು ನಂಬರ್ ಇದ್ರೆ ಅರ್ಧ ಗೆದ್ದ ಹಾಗೆ.

ಇಷ್ಟೆಲ್ಲ ಯಾಕೆ, ಇನ್‌ಸ್ಟಾದಲ್ಲೇ ಹಾಕೋಣ ಅನ್ನೋರಿಗೆ ನಮ್ಮ ಉತ್ತರ ಚಿಕ್ಕದು. ನಮ್ಮ ತರಗತಿಯಲ್ಲಿ ಕನ್ನಡ ಓದೋಕೆ ಬಂದ್ರೂ ಕನ್ನಡದಲ್ಲಿ ನಾಲ್ಕು ಪುಟ ಬರೆದಿರೋರು ಕೈಬೆರಳಲ್ಲಿ ಎಣಿಸೋ ಅಷ್ಟು. ಅವರು ಮೊದಲ ಸಲ ಉದ್ದಕ್ಕೆ ಬರೆದದ್ದು ಎರಡು ದಿನದಲ್ಲಿ ರೀಲ್ಸ್ ಕೆಳಗೆ ಹೂತುಹೋದರೆ ಎರಡನೇ ಸಲ ಬರೆಯಲ್ಲ. ಅವರ ಬರಹಕ್ಕೆ ಖಾಯಂ ವಿಳಾಸ ಕೊಡಬೇಕಂದ್ರೆ ಆ ವಿಳಾಸಕ್ಕೆ ಬರೋ ಬಿಲ್ಲು, ದೂರು, ನೋಟಿಸು ಎಲ್ಲವನ್ನೂ ಹೊರೋಕೆ ಹೆಗಲು ಬೇಕು. ಒಬ್ಬರ ಹೆಗಲು ಸಾಲಲ್ಲ. ಮುಂದಿನ ಮೀಟಿಂಗ್‌ನಲ್ಲಿ ಥೀಮ್ ಯಾವುದು, ಲೋಗೋ ಯಾವ ಬಣ್ಣ ಅಂತ ಚರ್ಚೆ ಶುರು ಮಾಡೋಕೆ ಮೊದಲು ದೂರಿನ ಪಾಳಿಗೆ ಹೆಸರು ಕೊಡೋರು ಯಾರು ಅಂತ ಕೇಳೋಣ. ಹನ್ನೆರಡು ಹೆಸರು ಬಂದ್ರೆ ಅವತ್ತೇ ಡೊಮೇನ್ ಕೊಳ್ಳೋಣ.